ಕಾಕ್ಸ್17 ಪ್ರತಿಕಾಯ: ಏಳು ಕಿಲೋಡಾಲ್ಟನ್ನಿನ ತಾಮ್ರವಾಹಕವನ್ನು ಬ್ಲಾಟ್‌ನಲ್ಲಿ ಹಿಡಿಯುವ ಬಗೆ

ಮೈಟೊಕಾಂಡ್ರಿಯಾದ ಉಸಿರಾಟ ಸರಪಳಿಯ ಕೊನೆಯ ಕಿಣ್ವವಾದ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಕೆಲಸ ಮಾಡಬೇಕಾದರೆ ಅದರೊಳಗೆ ಮೂರು ತಾಮ್ರದ ಅಯಾನುಗಳು ಕೂತಿರಬೇಕು. ಕಾಕ್ಸ್2 ಉಪಘಟಕದಲ್ಲಿ ಎರಡು, ಕಾಕ್ಸ್1 ಉಪಘಟಕದಲ್ಲಿ ಒಂದು. ಬಿಡಿಯಾಗಿ ಓಡಾಡುವ ತಾಮ್ರ ಜೀವಕೋಶಕ್ಕೆ ವಿಷವಾಗುವುದರಿಂದ ಈ ಅಯಾನುಗಳು ಒಂದು ಪ್ರೋಟೀನಿನ ಕೈಯಿಂದ ಇನ್ನೊಂದರ ಕೈಗೆ ದಾಟುತ್ತಲೇ ಅಲ್ಲಿಗೆ ಸೇರುತ್ತವೆ. ಮೈಟೊಕಾಂಡ್ರಿಯಾದ ಎರಡು ಪೊರೆಗಳ ನಡುವಿನ ಅವಕಾಶದಲ್ಲಿ ತಾಮ್ರವನ್ನು ಹಿಡಿದು ಸ್ಕೋ1 ಮತ್ತು ಕಾಕ್ಸ್11 ಪ್ರೋಟೀನುಗಳಿಗೆ ಒಪ್ಪಿಸುವುದು ಕಾಕ್ಸ್17. ಅಲ್ಲಿಂದ ಮುಂದೆ ಸ್ಕೋ1, ಸ್ಕೋ2ರ ಜೊತೆಗೂಡಿ, ಕಾಕ್ಸ್2ಕ್ಕೆ ತಾಮ್ರ ಕೊಡುತ್ತದೆ. ಕಾಕ್ಸ್11 ಅದನ್ನು ಕಾಕ್ಸ್1ಕ್ಕೆ ಮುಟ್ಟಿಸುತ್ತದೆ. ಇಲಿಯಲ್ಲಿ ಕಾಕ್ಸ್17ರ ಜೀನನ್ನು ಪೂರ್ತಿ ತೆಗೆದುಹಾಕಿದರೆ ಭ್ರೂಣ ಗರ್ಭದಲ್ಲೇ ಸಾಯುತ್ತದೆ ಎಂದು 2002ರಲ್ಲಿ ತಿಳಿದುಬಂತು. ಇಷ್ಟು ಮುಖ್ಯವಾದ ಪ್ರೋಟೀನನ್ನು ನೋಡಲು ನಮಗಿರುವ ದಿನಬಳಕೆಯ ಸಾಧನ ಪ್ರತಿಕಾಯ, ಲ್ಯಾಬಿನ ಮಾತಿನಲ್ಲಿ ಆಂಟಿಬಾಡಿ, ಅಂದರೆ ಒಂದು ನಿರ್ದಿಷ್ಟ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರೋಟೀನು. ಬ್ಲಾಟ್‌ನಲ್ಲಿ ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಹಾಳೆಯಂಥ ತೆಳು ಪೊರೆಗೆ ವರ್ಗಾಯಿಸಿ, ಪ್ರತಿಕಾಯ ಅಂಟಿದ ಜಾಗವನ್ನು ಪಟ್ಟಿಯಾಗಿ ನೋಡುತ್ತೇವೆ. ಪ್ರತಿಕಾಯ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳುವುದಕ್ಕಾಗಿಯೇ ಈ ಟಿಪ್ಪಣಿ.

ಮೊದಲು ಗಾತ್ರದ ವಿಚಾರ, ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಮನುಷ್ಯನ ಕಾಕ್ಸ್17ರಲ್ಲಿ ಇರುವುದು 63 ಅಮೈನೊ ಆಮ್ಲಗಳು, ತೂಕ ಸುಮಾರು 7 ಕಿಲೋಡಾಲ್ಟನ್. ಸಾಮಾನ್ಯ 12 ಶೇಕಡಾ ಗ್ಲೈಸಿನ್ ಜೆಲ್‌ನಲ್ಲಿ ಇಷ್ಟು ಚಿಕ್ಕ ಪ್ರೋಟೀನು ನೀಲಿ ಬಣ್ಣದ ಮುಂಚೂಣಿಯೊಂದಿಗೇ ಓಡುತ್ತದೆ. ಬಣ್ಣ ಕೆಳಗಿಳಿದು ಹೋಗುವವರೆಗೆ ಜೆಲ್ ಓಡಿಸುವ ಅಭ್ಯಾಸವಿದ್ದರೆ ನಾವು ಹುಡುಕುತ್ತಿರುವ ಪ್ರೋಟೀನು ಬಫರ್‌ಗೆ ಸೇರಿಹೋಗಿರುತ್ತದೆ. ಶೆಗರ್ ಮತ್ತು ಫಾನ್ ಯಾಗೋ 1987ರಲ್ಲಿ ವಿವರಿಸಿದ ಟ್ರೈಸಿನ್ ಜೆಲ್ ಇಂಥ ಚಿಕ್ಕ ಪ್ರೋಟೀನುಗಳಿಗೆಂದೇ ಇರುವುದು, ಇಲ್ಲಿ ಅದನ್ನೇ ಬಳಸಬೇಕು. ಪೊರೆಗೆ ವರ್ಗಾಯಿಸುವಾಗಲೂ ಅಷ್ಟೇ ಎಚ್ಚರ ಬೇಕು. ನಾನು ಮೊದಲ ಸಲ 0.45 ಮೈಕ್ರಾನ್ ರಂಧ್ರದ ಪೊರೆಯಲ್ಲಿ ರಾತ್ರಿಯಿಡೀ ವರ್ಗಾವಣೆ ಮಾಡಿ, ಬೆಳಿಗ್ಗೆ ಖಾಲಿ ಫಿಲ್ಮ್ ನೋಡಿ ಪ್ರತಿಕಾಯವೇ ಸರಿಯಿಲ್ಲವೆಂದು ತೀರ್ಮಾನಿಸಿದ್ದೆ. ಮುಂದಿನ ಸಲ ಮೊದಲ ಪೊರೆಯ ಹಿಂದೆ ಇನ್ನೊಂದು ಪೊರೆ ಇಟ್ಟಾಗ ಆ ಪಟ್ಟಿ ಹಿಂದಿನದರ ಮೇಲೆ ಕಾಣಿಸಿತು: ಪ್ರೋಟೀನು ಮೊದಲನೆಯದನ್ನು ತೂರಿಕೊಂಡು ಹೋಗಿತ್ತು. 0.2 ಮೈಕ್ರಾನ್ ರಂಧ್ರದ, ಪಿವಿಡಿಎಫ್ ಎಂಬ ಪ್ಲಾಸ್ಟಿಕ್‌ನ ಪೊರೆ, ಬಫರ್‌ನಲ್ಲಿ 20 ಶೇಕಡಾ ಮೆಥನಾಲ್, ಕಡಿಮೆ ಹೊತ್ತಿನ ವರ್ಗಾವಣೆ, ಇವು ಮೂರೂ ಸೇರಿದಾಗ ಸಮಸ್ಯೆ ಬಹುಮಟ್ಟಿಗೆ ತಪ್ಪುತ್ತದೆ. ಪೊರೆಯ ಮೇಲೆ ಪ್ರೋಟೀನು ಅಂಟಿಕೊಳ್ಳಲೆಂದು ಕೆಲವರು ಗ್ಲುಟರಾಲ್ಡಿಹೈಡ್‌ನಿಂದ ಬಿಗಿ ಮಾಡುತ್ತಾರೆ. ಆದರೆ ಅದು ಲೈಸಿನ್ ಎಂಬ ಅಮೈನೊ ಆಮ್ಲಗಳ ಜೊತೆ ವರ್ತಿಸುತ್ತದೆ, ಕಾಕ್ಸ್17ರಲ್ಲಿ ಲೈಸಿನ್‌ಗಳು ಸಾಕಷ್ಟಿವೆ, ಆದ್ದರಿಂದ ಪ್ರತಿಕಾಯ ಗುರುತಿಸುವ ಭಾಗವೇ ಮುಚ್ಚಿಹೋಗುವ ಸಾಧ್ಯತೆಯಿದೆ.

ಗಾತ್ರ ಚಿಕ್ಕದಾದ್ದರಿಂದ ಇನ್ನೊಂದು ತೊಡಕೂ ಉಂಟು. 63 ಅಮೈನೊ ಆಮ್ಲಗಳಲ್ಲಿ ಪ್ರತಿಕಾಯಕ್ಕೆ ಹಿಡಿತ ಸಿಗುವ ಜಾಗಗಳು ಕೆಲವೇ. ಗಂಧಕವಿರುವ ಅಮೈನೊ ಆಮ್ಲಗಳಾದ ಆರು ಸಿಸ್ಟೀನ್‌ಗಳಲ್ಲಿ ನಾಲ್ಕು, ಒಂಬತ್ತು ಅಮೈನೊ ಆಮ್ಲಗಳ ಅಂತರದ ಎರಡು ಜೋಡಿಗಳಾಗಿ ನಿಂತು, ಎರಡು ಗಂಧಕದ ಬಂಧಗಳಿಂದ ಪ್ರೋಟೀನನ್ನು ಕೂದಲಪಿನ್ನಿನ ಆಕಾರದಲ್ಲಿ ಮಡಿಚಿಡುತ್ತವೆ. ಬ್ಲಾಟ್‌ಗೆ ಮುನ್ನ ಆ ಬಂಧಗಳನ್ನು ಒಡೆಯುವ ಡಿಟಿಟಿ ಹಾಕಿ ಕುದಿಸಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ರೂಪವನ್ನು ಚೆನ್ನಾಗಿ ಹಿಡಿಯುವ ಪ್ರತಿಕಾಯ ಜೀವಕೋಶದ ಚಿತ್ರಣದಲ್ಲಿ ಮಡಿಚಿದ ರೂಪವನ್ನು ಗುರುತಿಸದೇ ಇರಬಹುದು, ಆದ್ದರಿಂದ ಒಂದು ಪ್ರಯೋಗದಲ್ಲಿ ಒಪ್ಪಿತವಾದದ್ದನ್ನು ಇನ್ನೊಂದಕ್ಕೆ ಹಾಗೆಯೇ ಒಯ್ಯುವಂತಿಲ್ಲ.

ಏಳು ಕಿಲೋಡಾಲ್ಟನ್ನಿನ ಹತ್ತಿರ ಪಟ್ಟಿ ಕಂಡ ಮಾತ್ರಕ್ಕೆ ಅದು ಕಾಕ್ಸ್17 ಎಂದು ಬರೆದುಕೊಳ್ಳಬಾರದು. ಆ ಎತ್ತರದಲ್ಲಿ ಒಡೆದ ಪ್ರೋಟೀನುಗಳ ಚೂರುಗಳೂ ಇರುತ್ತವೆ. ಪ್ರತಿಕಾಯ ತಯಾರಿಸಲು ಬಳಸಿದ ಪೆಪ್ಟೈಡನ್ನೇ ಬೆರೆಸಿ ಪಟ್ಟಿ ಮಾಯವಾಗುವುದನ್ನು ತೋರಿಸುವ ಹಳೆಯ ಪರೀಕ್ಷೆ, ಪ್ರತಿಕಾಯ ಆ ಪೆಪ್ಟೈಡಿಗೆ ಅಂಟುತ್ತದೆ ಎಂಬುದಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ. ಬೇರೆ ಪ್ರೋಟೀನಿಗೆ ಅದೇ ತೋಳಿನಿಂದ ಅಂಟುವ ಪ್ರತಿಕಾಯವೂ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ. ಪ್ರತಿಕಾಯಗಳ ಪರಿಶೀಲನೆಗೆಂದು ರೂಪುಗೊಂಡ ಅಂತರರಾಷ್ಟ್ರೀಯ ಕಾರ್ಯತಂಡ 2016ರಲ್ಲಿ ಐದು ವಿಧಾನಗಳನ್ನು ಮುಂದಿಟ್ಟಿತು. ಅವುಗಳಲ್ಲಿ ಜೀನನ್ನೇ ತೆಗೆದ ಕೋಶಗಳಲ್ಲಿ ಪಟ್ಟಿ ಇಲ್ಲವಾಗುವುದನ್ನು ತೋರಿಸುವುದೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬಲವಾದದ್ದು. ಕಾಕ್ಸ್17 ಇಲ್ಲದ ಕೋಶಗಳು ಆಮ್ಲಜನಕದಿಂದ ಶಕ್ತಿ ಪಡೆಯಲಾರವು, ಆದ್ದರಿಂದ ಅವನ್ನು ಗ್ಲುಕೋಸ್ ಹೇರಳವಾಗಿರುವ, ಪೈರುವೇಟ್ ಮತ್ತು ಯೂರಿಡಿನ್ ಸೇರಿಸಿದ ಮಾಧ್ಯಮದಲ್ಲಿ ಬೆಳೆಸಬೇಕು.

ಪ್ರೋಟೀನು ಎಲ್ಲಿದೆ ಎಂಬ ಪ್ರಶ್ನೆಗೆ ಪ್ರತಿಕಾಯ ಒಳ್ಳೆಯ ಉತ್ತರ ಕೊಡುತ್ತದೆ. ಬೇರ್ಪಡಿಸಿದ ಮೈಟೊಕಾಂಡ್ರಿಯಾವನ್ನು ಕರಗಿದ ಪದಾರ್ಥಗಳ ಸಾಂದ್ರತೆ ಕಡಿಮೆಯಿರುವ ದ್ರಾವಣದಲ್ಲಿ ಉಬ್ಬಿಸಿದಾಗ ಹೊರಪೊರೆ ಹರಿದು, ನಡುವಿನ ಅವಕಾಶದ ಪ್ರೋಟೀನುಗಳು ಹೊರಬರುತ್ತವೆ. ಕಾಕ್ಸ್17 ಸೈಟೋಕ್ರೋಮ್ ಸಿ ಜೊತೆಗೆ ಹೊರಬಂದು, ಒಳಪೊರೆಯ ಒಳಗಿರುವ ಎಚ್‌ಎಸ್‌ಪಿ60 ಪ್ರೋಟೀನು ಒಳಗೇ ಉಳಿದರೆ ಬೇರ್ಪಡಿಸುವ ಕೆಲಸ ಸರಿಯಾಗಿ ಆಗಿದೆ ಎಂದರ್ಥ.

ಆದರೆ ಎಲ್ಲಿದೆ ಎಂಬುದರಿಂದ ಏನು ಮಾಡುತ್ತದೆ ಎಂಬುದಕ್ಕೆ ಜಿಗಿಯಬಾರದು, ಇದಕ್ಕೆ ಕಾಕ್ಸ್17ರ ಚರಿತ್ರೆಯೇ ಸಾಕ್ಷಿ. 1996ರಲ್ಲಿ ಗ್ಲೆರಮ್, ಟ್ಸಾಗೊಲಾಫ್ ಮತ್ತು ಸಂಗಡಿಗರು ಇದನ್ನು ಯೀಸ್ಟಿನಲ್ಲಿ ಗುರುತಿಸಿದರು. ಜೀನ್ ಕೆಟ್ಟ ಯೀಸ್ಟಿಗೆ ಹೇರಳ ತಾಮ್ರ ಕೊಟ್ಟಾಗ ಉಸಿರಾಟ ಮರಳಿತ್ತು. ಪ್ರೋಟೀನು ಕೋಶದ್ರವದಲ್ಲೂ ಮೈಟೊಕಾಂಡ್ರಿಯಾದಲ್ಲೂ ಕಂಡದ್ದರಿಂದ ಅದು ಹೊರಗಿನಿಂದ ಒಳಕ್ಕೆ ತಾಮ್ರ ಹೊತ್ತು ಓಡಾಡುತ್ತದೆ ಎಂಬ ಊಹೆ ಸಹಜವಾಗಿಯೇ ಹುಟ್ಟಿತು. 2004ರಲ್ಲಿ ಡೆನಿಸ್ ವಿಂಗ್ ಅವರ ತಂಡ ಅದನ್ನು ಮೈಟೊಕಾಂಡ್ರಿಯಾದ ಒಳಪೊರೆಗೇ ಕಟ್ಟಿಹಾಕಿ ನೋಡಿತು. ಓಡಾಡಲಾಗದಿದ್ದರೂ ಅದು ತನ್ನ ಕೆಲಸ ಮಾಡಿತು.

ಇದೇ ಕಾರಣಕ್ಕೆ ಪಟ್ಟಿಯ ದಪ್ಪವನ್ನು ತಾಮ್ರದ ಪ್ರಮಾಣವೆಂದು ಓದಬಾರದು. ತಾಮ್ರ ಹಿಡಿದ ಕಾಕ್ಸ್17, ಬರಿಗೈಯ ಕಾಕ್ಸ್17, ಎರಡೂ ಕುದಿಸಿದ ಮೇಲೆ ಜೆಲ್‌ನಲ್ಲಿ ಒಂದೇ. ಸಿಸ್ಟೀನ್‌ಗಳ ಸ್ಥಿತಿ ತಿಳಿಯಬೇಕಿದ್ದರೆ ಕೋಶ ಒಡೆಯುವ ಕ್ಷಣದಲ್ಲೇ ಎನ್‌ಇಎಮ್ ಎಂಬ ರಾಸಾಯನಿಕ ಹಾಕಿ ಬಿಡಿ ಥಯಾಲ್‌ಗಳನ್ನು, ಅಂದರೆ ಬಂಧದಲ್ಲಿ ಸೇರದ ಗಂಧಕದ ತುದಿಗಳನ್ನು, ಮುಚ್ಚಿ, ಡಿಟಿಟಿ ಇಲ್ಲದ ಜೆಲ್ ಓಡಿಸಬೇಕು. ತಾಮ್ರವನ್ನು ಅಳೆಯಲು ಐಸಿಪಿ-ಎಮ್‌ಎಸ್ ಎಂಬ, ಲೋಹಗಳನ್ನು ಅಳೆಯುವ ಉಪಕರಣ ಬೇಕು. ಅದಿಲ್ಲದಿದ್ದರೆ ಅದೇ ಮಾದರಿಯಲ್ಲಿ ತಾಮ್ರ ಕಡಿಮೆಯಾದಾಗ ಏರುವ ಸಿಸಿಎಸ್ ಪ್ರೋಟೀನನ್ನೂ ತಾಮ್ರ ಸಿಗದಿದ್ದರೆ ಕುಸಿಯುವ ಕಾಕ್ಸ್2 ಅನ್ನೂ ಬ್ಲಾಟ್ ಮಾಡಿ, ಕಿಣ್ವದ ಚಟುವಟಿಕೆಯನ್ನು 550 ನ್ಯಾನೊಮೀಟರ್‌ನಲ್ಲಿ ಸೈಟೋಕ್ರೋಮ್ ಸಿ ಉತ್ಕರ್ಷಣೆಯ ಮೂಲಕ ಅಳೆದು, ಕಾಕ್ಸ್17ರ ಪಟ್ಟಿಯನ್ನು ಅವುಗಳ ಪಕ್ಕದಲ್ಲಿಟ್ಟು ಓದಬೇಕು.