ಮಲೆನಾಡಿನ ಕೋವಿ ಮತ್ತು ಪರವಾನಗಿಯ ಕಾನೂನು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದ ಮನೆಗಳಲ್ಲಿ ಕೋವಿ ಎಂದರೆ ಬಹುಮಟ್ಟಿಗೆ ಬೆಳೆ ಕಾಯುವ ಸಲಕರಣೆ. ಆದರೆ ಗದ್ದೆಗೆ ಇಳಿದ ಕಾಡುಹಂದಿಯನ್ನು ಬೆದರಿಸಲು ಇಟ್ಟುಕೊಂಡ ಕೋವಿಯೇ ಕಳ್ಳ ಶಿಕಾರಿಗೂ ಜಮೀನಿನ ಜಗಳಕ್ಕೂ ಒದಗುತ್ತದೆ. ಈ ಎರಡು ಬಳಕೆಗಳನ್ನು ಬೇರ್ಪಡಿಸಲು ಕಾನೂನು ಹೆಣಗುತ್ತಲೇ ಬಂದಿದೆ.

ಬ್ರಿಟಿಷ್ ಇಂಡಿಯಾದ 1878ರ ಶಸ್ತ್ರಾಸ್ತ್ರ ಕಾಯ್ದೆಯ ಉದ್ದೇಶ ಅಪರಾಧ ತಡೆಗಿಂತ ಹೆಚ್ಚಾಗಿ ಪ್ರಜೆಗಳನ್ನು ನಿರಾಯುಧರನ್ನಾಗಿಸುವುದಾಗಿತ್ತು. ಯುರೋಪಿಯನ್ನರಿಗೆ ಅದರಿಂದ ವಿನಾಯಿತಿ ಇತ್ತು. ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನು 1931ರ ಕರಾಚಿ ಕಾಂಗ್ರೆಸ್ ತನ್ನ ನಿರ್ಣಯದಲ್ಲಿ ಸೇರಿಸಿದ್ದು ಈ ಅವಮಾನದ ನೆನಪಿನಲ್ಲೇ ಇರಬೇಕು. ಸ್ವತಂತ್ರ ಭಾರತದ 1959ರ ಕಾಯ್ದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಾಗ ರೈತನಿಗೂ ಅದರಲ್ಲಿ ಜಾಗವಿತ್ತು: ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡುವುದನ್ನು 13ನೇ ಸೆಕ್ಷನ್ ಪ್ರತ್ಯೇಕವಾಗಿ ಹೇಳಿತು.

ಹತ್ತು ವರ್ಷಗಳ ಬಳಿಕ ಬಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮಲೆನಾಡಿನ ಮಟ್ಟಿಗೆ ಇನ್ನೊಂದು ಬೀಗ ಹಾಕಿತು. ಅಭಯಾರಣ್ಯದ ಹತ್ತು ಕಿಲೋಮೀಟರ್ ಒಳಗೆ ಹೊಸ ಪರವಾನಗಿ ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕೆಂದು ಅದರ 34ನೇ ಸೆಕ್ಷನ್ ಹೇಳುತ್ತದೆ. ಶೆಟ್ಟಿಹಳ್ಳಿ ಮತ್ತು ಶರಾವತಿ ಕಣಿವೆಯ ಅಭಯಾರಣ್ಯಗಳ ಸುತ್ತ ಹತ್ತು ಕಿಲೋಮೀಟರ್ ಗೆರೆ ಎಳೆದರೆ ಎಷ್ಟು ಊರುಗಳು ಒಳಗೆ ಬರುತ್ತವೆಂಬುದು ಜಿಲ್ಲೆಯ ನಕ್ಷೆ ನೋಡಿದವರಿಗೆ ಗೊತ್ತು. ಬೆಳೆ ರಕ್ಷಣೆಯ ಪರವಾನಗಿ ಕೈಯಲ್ಲಿದ್ದರೂ ಪ್ರಾಣಿಯನ್ನು ಕೊಲ್ಲುವ ಅನುಮತಿ ಅದರಿಂದ ಸಿಗುವುದಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಮುಂದುವರಿದಿದ್ದು, ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ.

ಶಸ್ತ್ರಾಸ್ತ್ರ ಕಾಯ್ದೆಯ ಮುಂದಿನ ತಿದ್ದುಪಡಿಗಳು ಬಿಗಿಯಾಗುತ್ತಲೇ ಹೋದವು. ಒಬ್ಬರಿಗೆ ಮೂರೇ ಬಂದೂಕು ಎಂಬ ಮಿತಿ 1983ರಲ್ಲಿ ಬಂತು. 2019ರಲ್ಲಿ ಅದನ್ನು ಒಂದಕ್ಕೆ ಇಳಿಸುವ ಮಸೂದೆ ಸಂಸತ್ತಿಗೆ ಬಂದು, ಆಕ್ಷೇಪಗಳ ನಂತರ ಎರಡಕ್ಕೆ ನಿಂತಿತು. ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು, ಮೆರವಣಿಗೆ ಮತ್ತು ಮದುವೆಗಳಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸುವುದು ಪ್ರತ್ಯೇಕ ಅಪರಾಧವಾಯಿತು. ಇಷ್ಟರಲ್ಲಿ ಕಚೇರಿಯ ಕಡತಗಳು ರಾಷ್ಟ್ರೀಯ ದತ್ತಾಂಶಕ್ಕೆ ಸೇರಿ, ಪ್ರತಿ ಪರವಾನಗಿದಾರನಿಗೂ ವಿಶಿಷ್ಟ ಗುರುತಿನ ಸಂಖ್ಯೆ ಕಡ್ಡಾಯವಾಗಿತ್ತು.

ಆಧುನೀಕರಣದ ಮುಖ್ಯ ಸಾಧನೆ ಇದೇ, ಮಿತಿಯೂ ಇದೇ. ಪಟ್ಟಿಯಲ್ಲಿ ಹೆಸರಿರುವವನನ್ನು ಸರ್ಕಾರ ಸುಲಭವಾಗಿ ಹುಡುಕುತ್ತದೆ. ಚುನಾವಣೆ ಬಂದಾಗ ಠಾಣೆಗೆ ಕೋವಿ ಒಪ್ಪಿಸಬೇಕೆಂಬ ಸೂಚನೆ ತಲುಪುವುದೂ ಅವನಿಗೇ. ಯಾರ ಕೋವಿಯನ್ನು ಪಡೆಯಬೇಕೆಂದು ಪರಿಶೀಲಿಸಲು ಜಿಲ್ಲಾ ಸಮಿತಿ ಇರಬೇಕೆಂದು ಚುನಾವಣಾ ಆಯೋಗ ಹೇಳಿದ್ದರೂ, ಅಡಿಕೆ ಬೆಳೆಗಾರರ ದೂರು ನಿಂತಿಲ್ಲ. ಕುಲುಮೆಯಲ್ಲಿ ತಯಾರಾದ ನಾಡಕೋವಿಗೆ ಸಂಖ್ಯೆಯೂ ಇಲ್ಲ, ಕಡತವೂ ಇಲ್ಲ.

ತನಿಖೆಯ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ. ರೈಫಲ್‌ನ ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡಿನ ಮೇಲೆ ಗುರುತು ಮೂಡಿಸುವುದರಿಂದ ಇದೇ ಆಯುಧದಿಂದ ಹಾರಿದ್ದೆಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಬಲ್ಲದು. ಒಳಮೈ ನಯವಾಗಿರುವ ನಳಿಗೆಯಿಂದ ಹೊರಟ ಸೀಸದ ಚರೆಗಳಲ್ಲಿ ಅಂಥ ಗುರುತು ಇರುವುದಿಲ್ಲ. ತೋಟೆ ಕೋವಿಯಾದರೆ ಖಾಲಿ ತೋಟೆಯ ಹಿಂಬದಿಯಲ್ಲಿ ಬಿದ್ದ ಪಿನ್ನಿನ ಗುರುತಾದರೂ ಸಿಗಬಹುದು, ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಸ್ಥಳದಲ್ಲಿ ತೋಟೆಯನ್ನೂ ಉಳಿಸುವುದಿಲ್ಲ. ಅಕ್ರಮ ತಯಾರಿಕೆಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇರುವಾಗಲೂ, ಹಾರಿದ ಕೋವಿಯನ್ನು ಅದನ್ನು ಮಾಡಿದವನವರೆಗೆ ಒಯ್ಯುವ ಸಾಕ್ಷ್ಯ ಸಿಗುವುದು ಕಠಿಣ.

ಕಾನೂನುಬದ್ಧ ಕೋವಿಯೂ ಸದ್ದಿಲ್ಲದೆ ಪಟ್ಟಿಯಿಂದ ಹೊರಬೀಳುವ ದಾರಿಯೊಂದಿದೆ: ಪರವಾನಗಿದಾರನ ಸಾವು. ಯಜಮಾನ ತೀರಿಕೊಂಡ ಮೇಲೆ ವಾರಸುದಾರರು ಕೋವಿಯನ್ನು ಠಾಣೆಗೋ ಪರವಾನಗಿಯುಳ್ಳ ವರ್ತಕನಿಗೋ ಒಪ್ಪಿಸಿ, ಬೇಕೆನಿಸಿದರೆ ತಮ್ಮ ಹೆಸರಿನಲ್ಲಿ ಪರವಾನಗಿ ಕೇಳಬೇಕು. ಅಟ್ಟದ ಮೇಲೆಯೇ ಉಳಿದರೆ ಅಜ್ಜನ ಕೋವಿ ಮೊಮ್ಮಗನ ಕೈಯಲ್ಲಿ ಅಕ್ರಮ ಆಯುಧ. ಹಿರಿಯರು ಬದುಕಿರುವಾಗಲೇ, ಎಪ್ಪತ್ತು ವರ್ಷ ತುಂಬಿದ ಮೇಲೆ ಅಥವಾ ಇಪ್ಪತ್ತೈದು ವರ್ಷ ಕೋವಿ ಇಟ್ಟುಕೊಂಡ ಮೇಲೆ, ವಾರಸುದಾರರಿಗೆ ಅದನ್ನು ವರ್ಗಾಯಿಸಲು 2016ರ ನಿಯಮಗಳು ಅವಕಾಶ ಕೊಟ್ಟಿವೆ. ಕೃಷಿಕ ಕುಟುಂಬಗಳಿಗೆ ಇಷ್ಟು ಉಪಯುಕ್ತವಾದ ಬದಲಾವಣೆ ಆ ನಿಯಮಗಳಲ್ಲಿ ಬೇರೊಂದಿಲ್ಲವೆಂದೇ ಹೇಳಬೇಕು. ಇನ್ನು, ಜನನ-ಮರಣ ನೋಂದಣಿಯ ರಾಷ್ಟ್ರೀಯ ದತ್ತಾಂಶಕ್ಕೆ 2023ರ ತಿದ್ದುಪಡಿ ದಾರಿ ಮಾಡಿದೆ. ಅದನ್ನು ಪರವಾನಗಿಯ ದತ್ತಾಂಶದೊಂದಿಗೆ ಜೋಡಿಸಿದರೆ, ಮರಣ ನೋಂದಣಿಯಾದ ಕೂಡಲೇ ಜಿಲ್ಲಾಧಿಕಾರಿಯ ಕಚೇರಿಯಿಂದ ಆ ಮನೆಗೆ ಒಂದು ಪತ್ರ ಹೋಗಬಹುದು, ಅರ್ಜಿ ನಮೂನೆಯೂ ಜೊತೆಗೇ ಇರಬಹುದು.