ಹಗಲು ರಾತ್ರಿ ಜೊತೆಗೊಬ್ಬರು ಬೇಕು ಅಂದಮೇಲೆ ಉದ್ಯೋಗ ಮಾಡೋದು ಹೇಗೆ?

ಓದುಗರ ಪ್ರಶ್ನೆ: ಕುತ್ತಿಗೆ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿ ನನ್ನ ಕೈಕಾಲು ಆಡುವುದಿಲ್ಲ. 24 ಗಂಟೆಯೂ ಯಾರಾದರೂ ಜೊತೆಗಿರಬೇಕು. ಓದು ಮುಗಿದಿದೆ, ಕೆಲಸಕ್ಕೆ ಸೇರುವ ಆಸೆ ತುಂಬಾ ಇದೆ. ಮನೆಯವರು ಮಾತ್ರ "ಮೊದಲು ಆರೋಗ್ಯ ನೋಡ್ಕೋ, ಕೆಲಸದ ಮಾತು ಆಮೇಲೆ" ಅಂತಾರೆ. ನನ್ನಂಥವರು ನಿಜಕ್ಕೂ ಉದ್ಯೋಗ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮಾಡಬಹುದು. ಆದರೆ ಶುರು ಮಾಡಬೇಕಾದ್ದು ಕೆಲಸದ ಅರ್ಜಿಯಿಂದಲ್ಲ, ನಿಮ್ಮನ್ನು ನೋಡಿಕೊಳ್ಳುವವರ ಪಾಳಿ ಪಟ್ಟಿಯಿಂದ.

ಲೆಕ್ಕ ಹಾಕಿ ನೋಡಿ. ವಾರಕ್ಕೆ 168 ಗಂಟೆ. ಒಬ್ಬ ಸಹಾಯಕ ವಾರಕ್ಕೆ 40 ಗಂಟೆ ದುಡಿದರೆ ನಾಲ್ಕು ಜನ ಸೇರಿದರೂ 160 ಗಂಟೆಯೇ ಆಯಿತು, ಇನ್ನೂ 8 ಗಂಟೆ ಬಾಕಿ. ಅದರ ಮೇಲೆ ಅವರ ರಜೆ, ಜ್ವರ, ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಹೋಗೋದು. ಹಾಗಾಗಿ ಐದಾರು ಜನ ಬೇಕು. ಎಷ್ಟೋ ಮನೆಗಳಲ್ಲಿ ಈ ಐದಾರು ಜನರ ಕೆಲಸವನ್ನು ಒಬ್ಬ ತಾಯಿಯೋ ಹೆಂಡತಿಯೋ ಒಬ್ಬರೇ ಮಾಡುತ್ತಿರುತ್ತಾರೆ, ಅದೂ ಸರಿಯಾಗಿ ನಿದ್ದೆ ಇಲ್ಲದೆ. ನಿಮ್ಮ ಮನೆಯವರ "ಆಮೇಲೆ" ಅನ್ನೋ ಮಾತಿನ ಹಿಂದೆ ಈ ಸುಸ್ತೂ ಇರಬಹುದು. ಅದನ್ನು ನಿಮ್ಮ ಮೇಲಿನ ಅಪನಂಬಿಕೆ ಅಂದುಕೊಳ್ಳಬೇಡಿ.

ಇಂಥ ಮಾತು ಬಂದಾಗ ಯಾರಾದರೊಬ್ಬರು ಸ್ಟೀಫನ್ ಹಾಕಿಂಗ್ ಹೆಸರು ಹೇಳಿಯೇ ಹೇಳುತ್ತಾರೆ. ನನಗೆ ಅದು ಅರ್ಧ ಕಥೆ ಅನ್ನಿಸುತ್ತದೆ. 1963ರಲ್ಲಿ, 21ನೇ ವಯಸ್ಸಿಗೆ, ಅವರಿಗೆ ನರಗಳ ಕಾಯಿಲೆ ಇರುವುದು ಗೊತ್ತಾಯಿತು. 1985ರಲ್ಲಿ ನ್ಯುಮೋನಿಯಾ ಆಗಿ ಗಂಟಲಿಗೆ ತೂತು ಮಾಡಬೇಕಾಯಿತು, ಮಾತು ಪೂರ್ತಿ ಹೋಯಿತು. ಅಲ್ಲಿಂದ ಮುಂದೆ ಹಗಲು ರಾತ್ರಿ ನರ್ಸ್‌ಗಳು ಬೇಕಾದರು. ನರ್ಸಿಂಗ್ ಹೋಮ್‌ಗೆ ಸೇರಿಸಿದ್ದರೆ ಸರ್ಕಾರಿ ಆರೋಗ್ಯ ವ್ಯವಸ್ಥೆಯೇ ಖರ್ಚು ನೋಡಿಕೊಳ್ಳುತ್ತಿತ್ತು, ಆದರೆ ಹೆಂಡತಿ ಜೇನ್ ಅದಕ್ಕೆ ಒಪ್ಪಲಿಲ್ಲ. ಕೊನೆಗೆ ಅಮೆರಿಕದ ಒಂದು ಪ್ರತಿಷ್ಠಾನ ದುಡ್ಡು ಕೊಟ್ಟಿತು, ಅವರು ಮನೆಯಲ್ಲೇ ಉಳಿದರು, ಕೇಂಬ್ರಿಡ್ಜ್‌ನಲ್ಲಿ ಪ್ರೊಫೆಸರ್ ಆಗಿಯೇ ಮುಂದುವರಿದರು, 1988ರಲ್ಲಿ ಜಗತ್ತೆಲ್ಲ ಓದಿದ ಪುಸ್ತಕವೂ ಬಂತು. ಬುದ್ಧಿ ಅವರದೇ, ಸರಿ. ಆದರೆ ಆ ನರ್ಸ್‌ಗಳ ಪಾಳಿ ಇಲ್ಲದಿದ್ದರೆ ಆ ಬುದ್ಧಿ ಯಾವುದೋ ನರ್ಸಿಂಗ್ ಹೋಮ್‌ನ ಹಾಸಿಗೆಯಲ್ಲಿ ಉಳಿದುಬಿಡುತ್ತಿತ್ತು ಅಲ್ವಾ? ಅದಕ್ಕೇ "ಹಾಕಿಂಗ್ ಮಾಡಲಿಲ್ವಾ" ಅಂತ ಹುರಿದುಂಬಿಸುವವರನ್ನು ನಾನು ಕೇಳೋದು ಒಂದೇ: ರಾತ್ರಿ ಪಾಳಿಗೆ ಯಾರು ಬರ್ತಾರೆ?

ನನಗೆ ಹಾಕಿಂಗ್‌ಗಿಂತ ಹತ್ತಿರ ಅನ್ನಿಸುವವರು ಅಮೆರಿಕದಲ್ಲಿ ಅಂಗವಿಕಲರ ಹಕ್ಕುಗಳಿಗೆ ಹೋರಾಡಿದ ಎಡ್ ರಾಬರ್ಟ್ಸ್. 1953ರಲ್ಲಿ, 14ನೇ ವಯಸ್ಸಿಗೆ, ಪೋಲಿಯೊ. ರಾತ್ರಿ ಉಸಿರಾಡಲು ಕಬ್ಬಿಣದ ಶ್ವಾಸಯಂತ್ರದೊಳಗೆ ಮಲಗಬೇಕಿತ್ತು. 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಆ ಯಂತ್ರ ಹಿಡಿಸುವ ಹಾಸ್ಟೆಲ್ ಕೋಣೆ ಇರಲಿಲ್ಲ, ಕ್ಯಾಂಪಸ್ ಆಸ್ಪತ್ರೆಯನ್ನೇ ಹಾಸ್ಟೆಲ್ ಮಾಡಿಕೊಂಡರು. "ಇವರು ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ" ಎಂದು ಕ್ಯಾಲಿಫೋರ್ನಿಯಾದ ಅಂಗವಿಕಲರ ಪುನರ್ವಸತಿ ಇಲಾಖೆ ಷರಾ ಬರೆದಿತ್ತು. 1975ರಲ್ಲಿ ಅದೇ ಇಲಾಖೆಗೆ ಅವರೇ ಮುಖ್ಯಸ್ಥರಾದರು.

ಈಗ ನಿಮ್ಮ ಬೆಳಗಿನ ವಿಷಯ. ಒಂಬತ್ತಕ್ಕೆ ಮೀಟಿಂಗ್ ಅಂದರೆ ಬೇರೆಯವರು ಎಂಟಕ್ಕೆ ಎದ್ದರೂ ನಡೆಯುತ್ತದೆ. ನೀವು ಐದೂವರೆಗೇ ಏಳಬೇಕಾಗಬಹುದು, ಯಾಕಂದರೆ ಹೊಟ್ಟೆ ಖಾಲಿ ಮಾಡಿಸೋದು, ಸ್ನಾನ, ಕೈಕಾಲು ಮಡಿಸಿ ಚಾಚಿಸೋದು, ಮೂತ್ರದ ಚೀಲ ಬದಲಿಸೋದು, ಬಟ್ಟೆ ಹಾಕೋದು, ಎತ್ತಿ ವೀಲ್‌ಚೇರ್‌ನಲ್ಲಿ ಕೂರಿಸೋದು, ಇಷ್ಟಕ್ಕೇ ಎರಡು ಮೂರು ಗಂಟೆ ಹಿಡಿಯುತ್ತದೆ. ಕೂತಮೇಲೂ ಮುಗಿಯುವುದಿಲ್ಲ. ತೊಡೆ ಕೆಳಗೆ ಪ್ಯಾಂಟಿನ ಒಂದು ಮಡಿಕೆ ಉಳಿದರೆ ನಿಮಗೆ ಗೊತ್ತೇ ಆಗುವುದಿಲ್ಲ, ಸಂಜೆಗೆ ಚರ್ಮ ಕೆಂಪಾಗಿರುತ್ತದೆ, ಅದೇ ಹುಣ್ಣಾದರೆ ವಾರಗಟ್ಟಲೆ ಹಾಸಿಗೆ. ಗಲ್ಲದ ಹತ್ತಿರದ ಸ್ವಿಚ್ ಅರ್ಧ ಇಂಚು ಆಚೆ ಇದ್ದರೆ ಕಂಪ್ಯೂಟರ್ ಇದ್ದೂ ಇಲ್ಲದ ಹಾಗೆ. ಹಾಗಾಗಿ ಬೆಳಗಿನ ಪಾಳಿಗೆ ನಿಮ್ಮ ಮೈ ಚೆನ್ನಾಗಿ ಗೊತ್ತಿರುವವರನ್ನೇ ಹಾಕಿ. ಹೊಸಬರನ್ನು ಮಧ್ಯಾಹ್ನದ ಪಾಳಿಯಲ್ಲಿ ಪಳಗಿಸಿ. ಪ್ರತಿ ಕೆಲಸವನ್ನೂ ಹಂತ ಹಂತವಾಗಿ ವಿಡಿಯೊ ಮಾಡಿಡಿ, ಪ್ರತಿ ಹೊಸಬರಿಗೂ ಮೊದಲಿಂದ ಹೇಳಿಕೊಡುವ ಶ್ರಮ ತಪ್ಪುತ್ತದೆ.

ಇಷ್ಟೆಲ್ಲ ಕಳೆದು ದಿನಕ್ಕೆ ಎಷ್ಟು ಹೊತ್ತು ಸುಸ್ತಿಲ್ಲದೆ ಕೂರಬಲ್ಲಿರಿ ಅಂತ ಒಂದೆರಡು ವಾರ ಬರೆದಿಡಿ. ನಾಲ್ಕು ಗಂಟೆ ಬಂದರೆ ನಾಲ್ಕು ಗಂಟೆಯ ಕೆಲಸ ಹುಡುಕಿ. ಗಡಿಯಾರ ನೋಡಿಕೊಂಡು ಮಾಡುವ ಕೆಲಸಕ್ಕಿಂತ ಇಂಥ ದಿನಕ್ಕೆ ಮುಗಿಸಿಕೊಡಿ ಅನ್ನುವ ಕೆಲಸ ಜಾಸ್ತಿ ಹೊಂದುತ್ತದೆ: ಅನುವಾದ, ಕೋಡಿಂಗ್, ಸಂಪಾದನೆ, ಲೆಕ್ಕಪತ್ರ, ಕಾನೂನು ಸಲಹೆ ಇಂಥವು. ಸಹಾಯಕರು ತಡವಾಗಿ ಬಂದ ದಿನವೂ ಕೆಲಸ ಕೆಡುವುದಿಲ್ಲ. ಹಾಗಂತ ಮನೆಯಿಂದ ಮಾಡುವ ಕೆಲಸವೇ ನಿಮಗೆ ಸರಿ ಅಂತ ಬೇರೆಯವರು ತೀರ್ಮಾನ ಮಾಡಬಾರದು. ಆಫೀಸಿಗೆ ಹೋಗಬೇಕು ಅನ್ನಿಸಿದರೆ ಹೋಗಿ.

ಆಫೀಸಿಗೆ ಹೋಗುವುದಾದರೆ ಒಂದು ವಿಷಯ ಪಕ್ಕದಲ್ಲಿ ಕೂರುವ ಇಬ್ಬರಿಗಾದರೂ ಗೊತ್ತಿರಲೇಬೇಕು. ಕುತ್ತಿಗೆ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ ಮೂತ್ರ ಹೊರಕ್ಕೆ ಹರಿಸುವ ಕ್ಯಾಥೆಟರ್ ನಳಿಗೆ ಮಡಚಿ ಮೂತ್ರ ಕಟ್ಟಿಕೊಂಡರೆ ರಕ್ತದೊತ್ತಡ ಒಮ್ಮೆಗೇ ಅಪಾಯದ ಮಟ್ಟಕ್ಕೆ ಏರಬಹುದು. ತಲೆ ಸಿಡಿಯುವ ನೋವು, ಮುಖ ಕೆಂಪು, ಬೆವರು. ತಕ್ಷಣ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ನಳಿಗೆ ನೋಡಬೇಕು. ಇಳಿಯದಿದ್ದರೆ ಆಂಬ್ಯುಲೆನ್ಸ್ ಕರೆಯಬೇಕು. ಸಹಾಯಕರು ಐದು ನಿಮಿಷ ಹೊರಗೆ ಹೋದಾಗಲೇ ಇದು ಆಗಬಹುದು.

ದುಡ್ಡಿನ ಕಡೆಯೂ ಒಂದು ಗುಂಡಿ ಇದೆ. ಎಷ್ಟೋ ಕಡೆ ಆರೈಕೆಗೆ ಸಿಗುವ ನೆರವು ಆದಾಯಕ್ಕೆ ತಳಕು ಹಾಕಿಕೊಂಡಿರುತ್ತದೆ: ಸಂಬಳ ಬಂದ ಕೂಡಲೇ ನೆರವು ಕಡಿಮೆ, ಆ ಸಂಬಳ ಸಹಾಯಕರಿಗೇ ಸಾಲದು. ಎಲ್ಲ ಕಡೆ ಹೀಗೇ ಇರಬೇಕು ಅಂತೇನಿಲ್ಲ. ಸ್ವೀಡನ್‌ನಲ್ಲಿ 1994ರಿಂದ ಜಾರಿಯಲ್ಲಿರುವ ಕಾನೂನಿನಲ್ಲಿ ಸಹಾಯಕರ ನೆರವಿಗೂ ನಿಮ್ಮ ಸಂಬಳಕ್ಕೂ ಸಂಬಂಧವಿಲ್ಲ. ಬ್ರಿಟನ್‌ನ 'ಆಕ್ಸೆಸ್ ಟು ವರ್ಕ್' ಯೋಜನೆಯಲ್ಲಿ ಕೆಲಸದ ಜಾಗದ ಸಹಾಯಕರ ಖರ್ಚಿಗೆ ದುಡ್ಡು ಸಿಗುತ್ತದೆ. ನಿಮ್ಮ ನೆರವಿನ ಷರತ್ತು ಏನು, ಎಷ್ಟು ಆದಾಯದವರೆಗೆ ಉಳಿಯುತ್ತದೆ, ಕೆಲಸ ಬಿಟ್ಟರೆ ಮತ್ತೆ ಸಿಗುತ್ತದಾ, ಇದನ್ನು ಕೆಲಸಕ್ಕೆ ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ. ಬಾಯಿಮಾತು ನಂಬಬೇಡಿ.

ಸಂದರ್ಶನದಲ್ಲಿ ಕಾಯಿಲೆಯ ಚರಿತ್ರೆ ಹೇಳುವ ಅಗತ್ಯವಿಲ್ಲ. ಬೇಕಾದ್ದನ್ನು ಹೇಳಿ: ನನ್ನ ಜೊತೆ ಒಬ್ಬರು ಇರುತ್ತಾರೆ, ಅವರಿಗೊಂದು ಕುರ್ಚಿ ಬೇಕು, ಕಂಪನಿಯ ಗುಟ್ಟು ಹೊರಗೆ ಹೇಳುವುದಿಲ್ಲ ಅಂತ ಅವರೂ ಸಹಿ ಹಾಕುತ್ತಾರೆ, ಅರ್ಧ ಗಂಟೆಗೊಮ್ಮೆಯಾದರೂ ವೀಲ್‌ಚೇರ್ ಹಿಂದಕ್ಕೆ ಬಾಗಿಸುತ್ತೇನೆ. ಸಹಾಯಕರಿಗೂ ಮೊದಲೇ ಹೇಳಿಡಿ. ಎದುರಿಗಿದ್ದವರು ನಿಮ್ಮನ್ನು ಬಿಟ್ಟು ಅವರನ್ನು "ಇವರಿಗೆ ಟೈಪ್ ಮಾಡೋಕೆ ಬರುತ್ತಾ?" ಅಂತ ಕೇಳಿದರೆ, ಕೇಳಿಯೇ ಕೇಳುತ್ತಾರೆ, ಅವರು ಉತ್ತರ ಕೊಡಬಾರದು. ಸುಮ್ನೆ ನಿಮ್ಮ ಕಡೆ ನೋಡಿದರೆ ಸಾಕು. ಉತ್ತರ ನೀವು ಹೇಳಿ.