ಒಗ್ಗಿದ ಮೈಗೆ ನೀರು ಬೇಡವೇ?

ಪ್ರಶ್ನೆ: ದಾವಣಗೆರೆಯ ಬಿಸಿಲು ನಮಗೇನು ಹೊಸದೇ? ಅಜ್ಜ ಮುತ್ತಜ್ಜರ ಕಾಲದಿಂದ ಮೈ ಒಗ್ಗಿಹೋಗಿದೆ. ಬೇಸಿಗೆಗೆಂದು ನಗರದಲ್ಲಿ ಬೇರೆ ವ್ಯವಸ್ಥೆ ಏಕೆ?

ಯುಗಾದಿ ಹತ್ತಿರ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಹೋದ ವರ್ಷ ಉತ್ತರಿಸಿದ್ದೆ, ಅದರ ಹಿಂದಿನ ವರ್ಷವೂ ಉತ್ತರಿಸಿದ್ದೆ. ಈ ಸಲ 'ಒಗ್ಗಿಹೋಗಿದೆ' ಎಂಬ ಒಂದೇ ಮಾತನ್ನು ಹಿಡಿದು ಕೂರುತ್ತೇನೆ. ತಪ್ಪೆಲ್ಲ ಇರುವುದು ಅಲ್ಲೇ.

ಮೈ ಬಿಸಿಲಿಗೆ ಒಗ್ಗುವುದು ನಿಜ. ಆದರೆ ಅದು ಅಜ್ಜನಿಂದ ಮೊಮ್ಮಗನಿಗೆ ಬರುವ ಆಸ್ತಿಯಲ್ಲ. ದಿನವೂ ಬಿಸಿಲಿನಲ್ಲಿ ದುಡಿದರೆ ಒಂದೆರಡು ವಾರದಲ್ಲಿ ಬರುತ್ತದೆ, ಕೆಲವು ವಾರ ನೆರಳಿನಲ್ಲಿ ಕಳೆದರೆ ಹೊರಟುಹೋಗುತ್ತದೆ. ಚಳಿಗಾಲ ಕಳೆದು ಬಂದ ಮೈ ಪ್ರತಿ ವರ್ಷವೂ ಈ ಪಾಠವನ್ನು ಮೊದಲಿನಿಂದ ಕಲಿಯಬೇಕು. ಬೇಸಿಗೆಯ ಆರಂಭದಲ್ಲೇ ಬೀಸುವ ಬಿಸಿಗಾಳಿ ಹೆಚ್ಚು ಅಪಾಯಕಾರಿ ಎನ್ನುವುದು ಇದಕ್ಕೇ.

ಇನ್ನು, ಒಗ್ಗಿದ ಮೈ ಮಾಡುವುದೇನು? ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಬೆವರಿನೊಂದಿಗೆ ಉಪ್ಪು ಹೋಗದಂತೆ ಹಿಡಿದಿಟ್ಟುಕೊಳ್ಳುತ್ತದೆ. ಆ ಬೆವರು ಆರುವಾಗ ಮೈ ತಂಪಾಗುತ್ತದೆ. ಇಲ್ಲಿ ದಯವಿಟ್ಟು ಸ್ವಲ್ಪ ನಿಂತು ಯೋಚಿಸಿ. ಹೆಚ್ಚು ಬೆವರುವ ಮೈಗೆ ನೀರು ಹೆಚ್ಚು ಬೇಕೋ, ಕಡಿಮೆ ಸಾಕೋ? ತರಗತಿಯಲ್ಲಿ ಕೇಳಿದರೆ ಐದನೇ ಇಯತ್ತೆಯ ಮಕ್ಕಳು ಸರಿಯಾಗಿ ಹೇಳುತ್ತಾರೆ. 'ಅವರಿಗೆ ಅಭ್ಯಾಸವಿದೆ ಬಿಡಿ' ಎಂದು ಹಮಾಲರನ್ನು, ಗಾರೆ ಕೆಲಸದವರನ್ನು ಕುರಿತು ನಾವು ಹೇಳುತ್ತೇವಲ್ಲ, ಎಲ್ಲರಿಗಿಂತ ಹೆಚ್ಚು ನೀರು ಬೇಕಾದವರೇ ಅವರು.

ಪತ್ರಿಕೆಯಲ್ಲಿ ಬರುವ 39, 40 ಡಿಗ್ರಿಯನ್ನು ನಂಬಿ ಕೂರಬೇಡಿ. ಅದು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಅಳೆದ ಲೆಕ್ಕ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಉಸುಕಿನ ಮುಂದೆ ನಿಂತವರ ಬಿಸಿ ಅದರಲ್ಲಿ ಸೇರಿಲ್ಲ.

ಒಗ್ಗಿದ ಮೈಗೂ ರಾತ್ರಿ ಆರಲು ಅವಕಾಶ ಬೇಕು. ಭಟ್ಟಿಯ ಕೆಲಸಗಾರರೊಬ್ಬರ ಮನೆಗೆ ಏಪ್ರಿಲ್‌ನಲ್ಲಿ ಹೋಗಿದ್ದೆ. ತಗಡಿನ ಮಾಡು. ಕರೆಂಟ್ ಹೋದಾಗ ಬೇಕೆಂದು ಗೂಡಿನಲ್ಲಿ ನಿಲ್ಲಿಸಿದ್ದ ಮೇಣದಬತ್ತಿ, ಒಮ್ಮೆಯೂ ಹಚ್ಚದಿದ್ದರೂ, ನಡು ಬಾಗಿ ಗೋಡೆಗೆ ಒರಗಿತ್ತು. ಅದೇ ಮಾಡಿನ ಕೆಳಗೆ ಆ ಮನೆಯ ಐದು ಜನ ಮಲಗುತ್ತಾರೆ. ಹವಾನಿಯಂತ್ರಕ ಇರುವ ಮನೆಯವರ ಬೇಸಿಗೆಯೂ ಇವರದೂ ಒಂದೇ ಎನ್ನಲು ನನಗೆ ಬಾಯಿ ಬರುವುದಿಲ್ಲ. ತಗಡಿಗೆ ಬಿಳಿ ಬಣ್ಣ ಬಳಿದರೆ ಬಿಸಿಲು ಎಷ್ಟೋ ಹಿಂದಿರುಗಿಹೋಗುತ್ತದೆ. 2010ರ ಮೇ ತಿಂಗಳ ಬಿಸಿಗೆ ಬಹಳ ಜನರನ್ನು ಕಳೆದುಕೊಂಡ ಅಹಮದಾಬಾದ್ 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ಮಾಡಿಕೊಂಡಿತು. ಆಮೇಲೆ ಅಲ್ಲಿನ ಬಡವರ ಮನೆಗಳ ಮಾಡಿಗೂ ಸುಣ್ಣ ಬಳಿಸಿತು. ಅಲ್ಲಿನವರಿಗೂ ಬಿಸಿಲು ಹೊಸದಾಗಿರಲಿಲ್ಲ.

ನೀವು ಕೇಳದ ಇನ್ನೊಂದು ವಿಷಯ ಹೇಳಲೇಬೇಕು: ಶೌಚಾಲಯ. ಬಿಸಿಲಿಗೂ ಅದಕ್ಕೂ ಏನು ಸಂಬಂಧ ಎನ್ನಬೇಡಿ. ಮಾರುಕಟ್ಟೆಯ ಹೊರಗೆ ಸೊಪ್ಪು ಮಾರುವ ಹೆಂಗಸೊಬ್ಬರ ಪಕ್ಕದಲ್ಲೇ ಅರವಟ್ಟಿಗೆ ಇತ್ತು, ಮಡಕೆ ತುಂಬ ತಣ್ಣೀರು. ಸೊಪ್ಪಿನ ಮೇಲೆ ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಿದ್ದರು, ತಾವು ಮಾತ್ರ ಒಂದು ಗುಟುಕೂ ಕುಡಿಯಲಿಲ್ಲ. ಏಕೆಂದು ಕೇಳಿದೆ. "ಕುಡಿದರೆ ಎಲ್ಲಿಗೆ ಹೋಗಲಿ, ಮೇಡಂ?" ಎಂದರು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವರು ಸಂಜೆ ಮನೆ ಸೇರುವವರೆಗೆ ಹೀಗೆಯೇ ತಡೆದುಕೊಂಡಿರುತ್ತಾರೆ. ಬೆವರು ಹರಿದ ಮೈಗೆ ನೀರು ಹೋಗದಿದ್ದರೆ ತಲೆ ಸುತ್ತು, ಉರಿಮೂತ್ರ, ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು.

ಈ ಬೇಸಿಗೆಯಲ್ಲಿ ಅರವಟ್ಟಿಗೆ ಇಡುವ ಸಂಘದವರಲ್ಲಿ ನನ್ನದೊಂದು ಕೋರಿಕೆ. ಮಡಕೆ ಇಡುವ ಮೊದಲು ಹತ್ತಿರದ ಶೌಚಾಲಯಕ್ಕೆ ಹೋಗಿ ನೋಡಿ. ಬೀಗ ಹಾಕಿದ್ದರೆ ತೆಗೆಸಿ, ಒಳಗೆ ನೀರು ಬರುತ್ತಿದೆಯೇ, ಚಿಲಕ ಬೀಳುತ್ತದೆಯೇ ಪರೀಕ್ಷಿಸಿ. ಆಮೇಲೆ ಮಡಕೆ ಇಡಿ.